ಬೇಕಾದವರಿದ್ದರೆ ಈಗಲೇ ಹೇಳಿ

ಅಟ್ಟೂರು, ಯಲಹಂಕ
ಏಪ್ರಿಲ್ ೩, ೨೦೧೧

ಶಿಲ್ಪಳಿಗೆ ಅಜ್ಜಿಯ ಆಶೀರ್ವಾದ.

ಎಲ್ಲರೂ ಕ್ಷೇಮ ಅಂತ ಬರೆಯೋದು ರೂಢಿ. ನನ್ನ ಎರಡು ಕಿವಿ ಬಿಟ್ಟು ಮಿಕ್ಕವರೆಲ್ಲ ಕ್ಷೇಮ.

ನಿಮ್ಮಪ್ಪ ಮುನಿರತ್ನ ಕಿವಿಗೆ ಹಾಕೋ ಮಷಿನ್ನು ತಂದುಕೊಟ್ಟ. ಹಾಕಿಕೊಂಡೆ. ಅಡುಗೆಮನೆ ಕುಕ್ಕರು ನನ್ನ ತಲೆಯೊಳಗೇ ಕೂತು ಕೂಗಿದ ಹಾಗಾಯಿತು. ಬೀದಿಯಲ್ಲಿ ಹೋಗೋ ಆಟೋ ನಡುಮನೆಗೇ ನುಗ್ಗಿದ ಹಾಗೆ ಎದೆ ಹೊಡೆದುಕೊಂಡಿತು. ಕಿತ್ತು ಅಕ್ಕಿ ಡಬ್ಬದೊಳಗೆ ಹಾಕಿದ್ದೀನಿ. ಅದೇನೂ ಬೇಕೇ ಬೇಕು ಅನ್ನೋ ಸಾಮಾನಲ್ಲ. ಈ ಮನೆಯಲ್ಲಿ ಕೇಳಿಸಿಕೊಳ್ಳೋ ಅಂಥ ಮಾತು ಯಾರು ಆಡುತ್ತಾರೆ? ನಿಮ್ಮಮ್ಮ ಆಶಾರಾಣಿ ಇಡೀ ದಿನ ಒಲೆ ಮುಂದೆ ನಿಂತು ತುಟಿ ಅಲ್ಲಾಡಿಸುತ್ತಾ ಇರುತ್ತಾಳೆ. ನನ್ನನ್ನೇ ಬೈಯೋದು ಅಂತ ಗೊತ್ತು. ಬೈಸಿಕೊಳ್ಳೋಕೆ ಬ್ಯಾಟರಿ ಬೇರೆ ಹಾಕಿಕೊಳ್ಳಬೇಕಾ?

ಅದಕ್ಕೇ ನನಗೆ ಫೋನ್ ಮಾಡಬೇಡ. ಕಿವಿಗಿಟ್ಟರೆ ನೀರಿಲ್ಲದ ನಲ್ಲಿ ತಿರುಗಿಸಿದ ಹಾಗೆ ಬುಸ್ ಅನ್ನುತ್ತೆ. ಕಾಗದ ಬರಿ. ಊರ ಶಾಲೆಯಲ್ಲಿ ಮೂರನೇ ಕ್ಲಾಸು ಮುಗಿಸೋ ಹೊತ್ತಿಗೆ ನನ್ನ ಕೈಗೆ ಎಮ್ಮೆ ಹಗ್ಗ ಕೊಟ್ಟರು. ಆದರೂ ಕಲಿತ ಅಕ್ಷರ ಬಿಟ್ಟಿಲ್ಲ. ನಿಮ್ಮಪ್ಪನ ಕೋಳಿ ಕಾಲಿನ ಬರಹಕ್ಕಿಂತ ನನ್ನದೇ ದುಂಡಗಿದೆ.

ಈಗ ವಿಷಯಕ್ಕೆ ಬರ್ತೀನಿ. ನಿನ್ನೆ ಎದುರುಮನೆ ಗಂಗಾದೇವಿ ಬಂದು ನನ್ನ ಕಿವಿಗೆ ಬಾಯಿಟ್ಟು, "ನಿಮ್ ಮೊಮ್ಮಗ್ಳು ಬಾಗಲಕೋಟೇಲಿ ಕಂಪ್ಯೂಟರ್ ಒರ್‍ಸೋ ಕೆಲ್ಸಕ್ಕೆ ಸೇರ್‍ಕೊಂಡಿದ್ದಾಳಂತೆ?" ಅಂದಳು. "ಊ ಕಣೇ, ನಿನ್ ಮಗ ಬೆಂಚು ಒರ್‍ಸಿ ಒರ್‍ಸಿ ಎಸ್ಸೆಲ್ಸಿ ದಾಟಿದ್ನಲ್ಲ, ಅಂಗೇ" ಅಂದೆ. ಮುಖ ತಿರುಗಿಸಿಕೊಂಡು ಹೋದಳು. ಹೋದಳೇನೋ ಸರಿ, ಆದರೆ ನೀನು ಮಾಡೋ ಕೆಲಸ ಏನು ಅಂತ ನನಗೂ ಗೊತ್ತಿಲ್ಲವಲ್ಲ. ನನಗೆ ಅರ್ಥವಾಗೋ ಹಾಗೆ ಬರಿ. ಅವಳ ಬಾಯಿ ಪೂರ್ತಿ ಮುಚ್ಚಿಸಬೇಕು.

ಸಂಡಿಗೆ ಕಾಲ ಬಂತು. ತಾರಸಿ ಮೇಲೆ ಪಾರಿವಾಳಗಳು ತಮ್ಮ ಮದುವೆ ಊಟ ಅಂದುಕೊಂಡು ಇಳಿಯುತ್ತಿವೆ. ಅವಕ್ಕೂ ಒಂದು ದಾರಿ ಹುಡುಕಬೇಕು.

ನಿನ್ನ ಅಜ್ಜಿ,
ಸುಬ್ಬಲಕ್ಷ್ಮಮ್ಮ

---

ಬಾಗಲಕೋಟೆ
ಏಪ್ರಿಲ್ ೧೧, ೨೦೧೧

ಪ್ರೀತಿಯ ಅಜ್ಜಿಗೆ ಶಿಲ್ಪಳ ನಮಸ್ಕಾರ.

ಗಂಗಾದೇವಮ್ಮನಿಗೆ ಹೇಳು, ನಾನು ಒರೆಸುವುದಿಲ್ಲ. ಕಾಲೇಜಿನ ಲ್ಯಾಬಿನಲ್ಲಿರುವ ಅಷ್ಟೂ ಕಂಪ್ಯೂಟರುಗಳ ಉಸ್ತುವಾರಿ ನನ್ನದು. ಸದ್ಯಕ್ಕೆ ನನ್ನನ್ನು ಪರೀಕ್ಷೆಗೆ ಇಟ್ಟುಕೊಂಡಿದ್ದಾರೆ. ಜೂನ್ ಕೊನೆಗೆ ನಮ್ಮ ವಿಭಾಗದ ಮುಖ್ಯಸ್ಥರು ಒಳ್ಳೆಯ ಮಾತು ಬರೆದುಕೊಟ್ಟರೆ ಕೆಲಸ ಕಾಯಂ. ಇಲ್ಲದಿದ್ದರೆ ಪೆಟ್ಟಿಗೆ ಕಟ್ಟಿಕೊಂಡು ಅಟ್ಟೂರಿಗೆ.

ಕೆಲಸ ಏನು ಅಂದರೆ, ಕಂಪ್ಯೂಟರಿನಲ್ಲಿ ಬರೆಯುವುದಕ್ಕೆ, ಚಿತ್ರ ನೋಡುವುದಕ್ಕೆ, ಹಾಡು ಕೇಳುವುದಕ್ಕೆ ಒಂದೊಂದಕ್ಕೂ ಬೇರೆ ಬೇರೆ ಸಾಮಾನು ಬೇಕು. ಅದನ್ನು ಪ್ಯಾಕೇಜು ಅನ್ನುತ್ತೇವೆ. ಅವನ್ನೆಲ್ಲ ತಂದು ಜೋಡಿಸುವವನು, ಬೇಡವಾದಾಗ ಎತ್ತಿಹಾಕುವವನು ಒಬ್ಬ ಒಳಗೇ ಇದ್ದಾನೆ. ಪ್ಯಾಕೇಜ್ ಮ್ಯಾನೇಜರ್ ಅಂತ ಅವನ ಹೆಸರು. ಮನುಷ್ಯನಲ್ಲ, ಅದೂ ಒಂದು ಸಾಫ್ಟ್‌ವೇರೇ. ಮದುವೆ ಮನೆಯಲ್ಲಿ ಉಗ್ರಾಣ ನೋಡಿಕೊಳ್ಳುವವನು ಇರುತ್ತಾನಲ್ಲ, ಹಾಗೆ ಅಂದುಕೋ.

ಒಂದೊಂದು ಸಾಮಾನೂ ತನಗೆ ಏನು ಬೇಕು ಅಂತ ಹೇಳಿಕೊಂಡೇ ಬರುತ್ತದೆ. ಈಗ ಮುದ್ದೆ ಮಾಡಬೇಕು ಅನ್ನು. ರಾಗಿಹಿಟ್ಟು, ನೀರು ಕಡ್ಡಾಯ. ಅವಿಲ್ಲದೆ ಮುದ್ದೆಯೇ ಇಲ್ಲ. ಸೊಪ್ಪಿನ ಸಾರು ಕಡ್ಡಾಯವಲ್ಲ, 'ಇದ್ದರೆ ಒಳ್ಳೆಯದು'. ಪಕ್ಕಕ್ಕೆ ಈರುಳ್ಳಿ ಅದಕ್ಕೂ ಕೆಳಗೆ, 'ಬೇಕು ಅನ್ನಿಸಿದರೆ ನೋಡಿ'. ನಮ್ಮ ಉಗ್ರಾಣದವನು ಕಡ್ಡಾಯದ್ದನ್ನು ಕೇಳದೆಯೇ ತರುತ್ತಾನೆ. 'ಇದ್ದರೆ ಒಳ್ಳೆಯದು' ಅನ್ನುವುದನ್ನೂ ಬೇಡ ಅನ್ನದ ಹೊರತು ತರುತ್ತಾನೆ. ಈರುಳ್ಳಿಯ ಹೆಸರನ್ನು ಮಾತ್ರ ಹೇಳಿ ಸುಮ್ಮನಾಗುತ್ತಾನೆ.

ಇನ್ನೊಂದು ಜಾಣತನ ಅವನದು. ಯಾವುದನ್ನಾದರೂ ಎಸೆಯುವ ಮುಂಚೆ ತಿರುಗಿಸಿ ಕೇಳಬಹುದು. ಇದಕ್ಕೆ ಏನು ಬೇಕು ಅಂತಲ್ಲ, ಇದು ಯಾರಿಗೆ ಬೇಕು ಅಂತ. ಇದನ್ನು ನಂಬಿಕೊಂಡವರನ್ನೆಲ್ಲ ಹೆಸರು ಹಿಡಿದು ಹೇಳುತ್ತಾನೆ. ಯಾರೂ ಇಲ್ಲ ಅಂದರೆ ನಿಶ್ಚಿಂತೆಯಿಂದ ಎಸೆಯಬಹುದು.

ಲ್ಯಾಬಿನ ಮಷಿನ್ನುಗಳೆಲ್ಲ ಹಳೆಯವು, ಒಳಗೆ ಕಾಲಿಡಲು ಜಾಗವಿಲ್ಲ. ಅದಕ್ಕೆ ಇನ್ನುಮೇಲೆ 'ಇದ್ದರೆ ಒಳ್ಳೆಯದು' ಅನ್ನುವುದನ್ನು ಲೆಕ್ಕಕ್ಕೇ ಹಿಡಿಯಬೇಡ ಅಂತ ಅವನಿಗೆ ಅಪ್ಪಣೆ ಕೊಟ್ಟೆ. ಕಡ್ಡಾಯವಾಗಿ ಬೇಕು ಅನ್ನುವವರು ಯಾರಾದರೂ ಇದ್ದಾರಾ ಅಂತ ಕೇಳಿದೆ. ಇಲ್ಲ ಅಂದ. ಗುಡಿಸು ಅಂದೆ. ಅರ್ಧ ಉಗ್ರಾಣ ಖಾಲಿ! ಮಷಿನ್ನುಗಳು ಈಗ ಹಗುರವಾಗಿ ಓಡುತ್ತಿವೆ. ಮುಖ್ಯಸ್ಥರು ಬಂದು ನೋಡಿ ತಲೆದೂಗಿದರು.

ಕಿವಿ ಮಷಿನ್ನು ಹಾಕಿಕೋ ಅಜ್ಜಿ.

ನಿನ್ನ
ಶಿಲ್ಪ

---

ಅಟ್ಟೂರು
ಏಪ್ರಿಲ್ ೨೦, ೨೦೧೧

ಶಿಲ್ಪಳಿಗೆ ಆಶೀರ್ವಾದ.

ಕಾಗದ ಓದಿ ಗಂಗಾದೇವಿಗೆ ಉಗ್ರಾಣದ ಕಥೆ ಹೇಳಿದೆ. ಬಾಯಿ ತೆರೆದದ್ದು ಮುಚ್ಚಲಿಲ್ಲ. ಆದರೆ ಒಂದು ಮಾತು, ಸಾರಿಲ್ಲದ ಮುದ್ದೆ ಗಂಟಲಲ್ಲಿ ಇಳಿಯುತ್ತೇನೇ? ಹಾಸ್ಟೆಲಿನಲ್ಲಿ ರೊಟ್ಟಿ ತಿಂದು ತಿಂದು ಮುದ್ದೆ ನುಂಗೋದೇ ಮರೆತಿದ್ದೀಯ. ಅದು ಬಿಟ್ಟರೆ ನೀನು ಮಾಡಿದ್ದು ಒಳ್ಳೇ ಕೆಲಸ. ಬೇಡದ್ದನ್ನ ಕೂಡಿಟ್ಟುಕೊಳ್ಳೋದು ನಿಮ್ಮಮ್ಮನ ಕಡೆಯವರ ರೋಗ. ನೀನು ನನ್ನ ಮೊಮ್ಮಗಳು ಅಂತ ತೋರಿಸಿದೆ.

ನಿನ್ನ ನೋಡಿ ನನಗೂ ಹುರುಪು ಬಂತು. ಸೆರಗು ಸಿಕ್ಕಿಸಿಕೊಂಡು ಇಡೀ ಮನೆ ಗುಡಿಸಿದೆ. ನಿನ್ನ ಬೀರುವನ್ನೂ ಬಿಡಲಿಲ್ಲ. ಒಂದೊಂದು ಸಾಮಾನೂ ಎತ್ತಿಹಿಡಿದು ನಡುಮನೆಯಲ್ಲಿ ನಿಂತು ಕೂಗಿದೆ, "ಇದು ಬೇಕಾದೋರು ಯಾರಾದ್ರೂ ಇದ್ರೆ ಈಗ್ಲೇ ಹೇಳ್ರಪ್ಪಾ!" ಅಂತ. ನಿನ್ನ ಉಗ್ರಾಣದವನು ಕೇಳೋ ಹಾಗೇ ಕೇಳಿದೆ. ಒಬ್ಬರೂ ಉಸಿರೆತ್ತಲಿಲ್ಲ. ಹಾಗಾಗಿ ಹರಿದ ಛತ್ರಿ, ನಿನ್ನ ತಮ್ಮ ಪುನೀತನ ಹಳೇ ಬ್ಯಾಟು, ನಿಮ್ಮಮ್ಮನ ಮುರಿದ ಮಿಕ್ಸಿ ಎಲ್ಲ ಹಳೇ ಸಾಮಾನಿನವನ ಗಾಡಿಗೆ ಹೋಯಿತು.

ನಿನ್ನ ಬೀರುವಿನಲ್ಲಿ ಒಂದು ನೀಲಿ ಚೀಲದ ತುಂಬ ಸೀಡಿಗಳಿದ್ದವು. ಟೀವಿ ಕೆಳಗಿನ ಡಬ್ಬಿಗೆ ಹಾಕಿ ನೋಡಿದೆ. ಹಾಡಿಲ್ಲ, ಕುಣಿತ ಇಲ್ಲ, ಬರೀ ನೀಲಿ. ಎಸೆಯೋಕೆ ಮನಸ್ಸು ಬರಲಿಲ್ಲ, ಅಷ್ಟು ಹೊಳೆಯುತ್ತಿದ್ದವು. ನಡುವೆ ತೂತು ಇದ್ದೇ ಇದೆ. ದಾರ ಪೋಣಿಸಿ ತಾರಸಿ ಮೇಲೆ ಬಟ್ಟೆ ಒಣಹಾಕೋ ತಂತಿಗೆ ಸಾಲಾಗಿ ಕಟ್ಟಿದ್ದೀನಿ. ಗಾಳಿಗೆ ತಿರುಗಿ ಫಳ್ ಫಳ್ ಅಂದರೆ ಪಾರಿವಾಳಗಳು ಎದುರುಮನೆ ತಾರಸಿಗೆ ಹಾರಿ ಗಂಗಾದೇವಿಯ ಹಪ್ಪಳದ ಮೇಲೆ ಇಳಿಯುತ್ತವೆ. ನೋಡೋಕೆ ಎರಡು ಕಣ್ಣು ಸಾಲದು.

ಒಂದರ ಮೇಲೆ ನೀನು 'ಒಂದು' ಅಂತ ಬರೆದಿದ್ದೆ. ಮೊದಲನೆಯದು ದೇವರಿಗೆ ಇರಲಿ ಅಂತ ಗೂಡಿನಲ್ಲಿ ದೀಪದ ಹಿಂದೆ ನಿಲ್ಲಿಸಿದೆ. ದೀಪ ಹಚ್ಚಿದರೆ ನವಿಲು ಗರಿ ಬಿಚ್ಚಿದ ಹಾಗೆ ಕಾಣುತ್ತೆ.

ಅಜ್ಜಿ,
ಸುಬ್ಬಲಕ್ಷ್ಮಮ್ಮ

---

ಬಾಗಲಕೋಟೆ
ಮೇ ೧೪, ೨೦೧೧

ಅಜ್ಜಿಗೆ ನಮಸ್ಕಾರ.

ಬರೆಯುವುದು ತಡವಾಯಿತು. ಕೈ ಬರಲಿಲ್ಲ.

ಇಲ್ಲಿ ಸಂಗಮೇಶ ಅಂತ ಒಬ್ಬ ಹುಡುಗ ಇದ್ದಾನೆ, ಬಿ.ಎ. ಕೊನೆಯ ವರ್ಷ. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಅವನು ಕಂಪ್ಯೂಟರಿನಲ್ಲಿ ಬರೆಯುತ್ತಾನೆ. ಒತ್ತಿದ ಅಕ್ಷರವನ್ನೂ ಪರದೆಯ ಮೇಲಿನ ಸಾಲನ್ನೂ ಮಷಿನ್ನೇ ಓದಿ ಹೇಳುತ್ತದೆ, ಅವನು ಹೆಡ್‌ಫೋನಿನಲ್ಲಿ ಕೇಳಿಸಿಕೊಳ್ಳುತ್ತಾನೆ. ರಜೆಗೆ ಊರಿಗೆ ಹೋದವನು ಮೊನ್ನೆ ಬಂದು ತನ್ನ ಮೂಲೆಯ ಮಷಿನ್ನಿನ ಮುಂದೆ ಕೂತ. ಸ್ವಲ್ಪ ಹೊತ್ತಾದ ಮೇಲೆ ನನ್ನನ್ನು ಕರೆದ.

"ಮ್ಯಾಡಮ್ಮರ, ಇದ್ಯಾಕ ಮಾತಾಡವಲ್ದು? ನನ್ನ ಮ್ಯಾಲ ಸಿಟ್ಟಾಗೇತೇನು?"

ತಮಾಷೆಯಾಗಿಯೇ ಕೇಳಿದ. ನಾನು ಹೋಗಿ ನೋಡಿದೆ. ಅಲ್ಲಿ ಧ್ವನಿಯೇ ಇರಲಿಲ್ಲ. ಪಕ್ಕದ ಮಷಿನ್ನಿನಲ್ಲೂ ಇಲ್ಲ. ಯಾವುದರಲ್ಲೂ ಇಲ್ಲ.

ಓದಿ ಹೇಳುವ ಆ ಸಾಮಾನು ಯಾರಿಗೂ ಕಡ್ಡಾಯವಾಗಿರಲಿಲ್ಲ ಅಜ್ಜಿ. 'ಇದ್ದರೆ ಒಳ್ಳೆಯದು' ಅನ್ನುವ ಸಾಲಿನಲ್ಲಿತ್ತು. ಉಗ್ರಾಣದವನು ತಪ್ಪು ಹೇಳಲಿಲ್ಲ. ಕಡ್ಡಾಯದವರನ್ನು ಮಾತ್ರ ಹೇಳು ಅಂತ ಅಪ್ಪಣೆ ಕೊಟ್ಟವಳು ನಾನೇ. ಇನ್ನೊಂದು ವಿಷಯ, ಅವನು ಕೇಳುವುದು ಸಾಮಾನುಗಳನ್ನು ಮಾತ್ರ. ಸಂಗಮೇಶನನ್ನು ಅವನು ಹೇಗೆ ಕೇಳಿಯಾನು? ಅದನ್ನು ನಾನು ಕೇಳಬೇಕಿತ್ತು. ದಿನಾ ಅವನ ಪಕ್ಕದಲ್ಲೇ ಓಡಾಡುತ್ತಿದ್ದೆ.

ಜೂನ್ ಆರಕ್ಕೆ ಅವನ ಕಂಪ್ಯೂಟರ್ ಪರೀಕ್ಷೆ. ಅದು ತಪ್ಪಿದರೆ ಡಿಗ್ರಿ ಒಂದು ವರ್ಷ ಹಿಂದೆ. ಬೇರೆಯವರನ್ನು ಕೂರಿಸಿ ಬರೆಸೋಣ ಅಂದರು ಮುಖ್ಯಸ್ಥರು. "ಬ್ಯಾರೆದವರ ಬಳ್ಳಿಂದ ಪಾಸಾಗೂದು ನನಗ ಬ್ಯಾಡ್ರಿ ಸರ, ನನ್ನ ಬಳ್ಳು ಗಟ್ಟಿ ಅದಾವ" ಅಂದ. ಬಳ್ಳು ಅಂದರೆ ಇಲ್ಲಿಯವರ ಮಾತಿನಲ್ಲಿ ಬೆರಳು. ಮುಖ್ಯಸ್ಥರು ನನ್ನ ಕಡೆ ತಿರುಗಿ, "ಅವನು ಪರೀಕ್ಷೆ ಬರೆದರೆ ನೀವು ಇಲ್ಲಿರುತ್ತೀರಿ, ಇಲ್ಲದಿದ್ದರೆ ನಾನು ಏನೂ ಬರೆದುಕೊಡುವುದಿಲ್ಲ" ಅಂದರು. ಅದಕ್ಕಿಂತ ಹೆಚ್ಚಾಗಿ ಸಂಗಮೇಶ ನನ್ನನ್ನು ಒಂದು ಮಾತೂ ಅನ್ನಲಿಲ್ಲ ಅನ್ನುವುದೇ ಚುಚ್ಚುತ್ತಿದೆ.

ಮತ್ತೆ ತರಿಸೋಣ ಅಂದರೆ, ರಸ್ತೆ ಅಗೆಯುವವರು ತಂತಿ ಕತ್ತರಿಸಿ ಕಾಲೇಜಿಗೆ ಇಂಟರ್ನೆಟ್ಟೇ ಇಲ್ಲ. ಪೇಟೆಯ ಸೈಬರ್ ಸೆಂಟರಿನಲ್ಲಿ ಕೂತು ಒಂದನ್ನು ತಂದೆ. ಹಾಕಿದರೆ ಅದು ಇನ್ನೊಂದನ್ನು ಕೇಳಿತು. ಮತ್ತೆ ಪೇಟೆಗೆ. ಅದು ಮತ್ತೊಂದನ್ನು ಕೇಳಿತು. ತಂದದ್ದು ನಮ್ಮ ಹಳೇ ಮಷಿನ್ನಿಗೆ ಹೊಂದುವುದಿಲ್ಲ ಅಂತ ಕೊನೆಗೆ ಗೊತ್ತಾಯಿತು. ಬಿಸಿಲಲ್ಲಿ ನಡೆದು ನಡೆದು ಅಳು ಬಂತು.

ನಮ್ಮ ಮಷಿನ್ನುಗಳಿಗೆ ಸರಿಯಾಗಿ ಹೊಂದುವ ಎಲ್ಲ ಸಾಮಾನೂ ಇರುವುದು ಒಂದೇ ಕಡೆ, ನನ್ನ ನೀಲಿ ಚೀಲದ ಸೀಡಿಗಳಲ್ಲಿ. ನೀನು ಅವನ್ನು ಪಾರಿವಾಳಕ್ಕೆ ಕಟ್ಟಿದೆ ಅಂತ ಬರೆದಾಗ ಓದಿ ನಕ್ಕಿದ್ದೆ. ಇರಲಿ, ಯಾರಿಗೆ ಬೇಕು ಅಂದುಕೊಂಡೆ. ಅಪ್ಪನಿಗೆ ಫೋನ್ ಮಾಡಿ ಇಳಿಸಿ ಕಳಿಸು ಅಂದರೆ, "ಅಮ್ಮ ಕಟ್ಟಿರೋದನ್ನ ಬಿಚ್ಚೋ ಧೈರ್ಯ ನಂಗಿಲ್ಲಮ್ಮ, ಅಜ್ಜಿಗೇ ಬರಿ" ಅಂದರು.

ಅಜ್ಜಿ, ದಯವಿಟ್ಟು ಅವನ್ನು ಇಳಿಸು. ಒಂದನ್ನೂ ಬಿಡದೆ ಕಳಿಸು.

ಶಿಲ್ಪ

---

ಅಟ್ಟೂರು
ಮೇ ೧೯, ೨೦೧೧

ಶಿಲ್ಪ,

ಈ ಕಾಗದ ಸೀಡಿಗಳ ಜೊತೆಗೇ ನಿನ್ನ ಕೈ ಸೇರುತ್ತೆ. ಮೊದಲು ಸೀಡಿ ನೋಡು, ಆಮೇಲೆ ನನ್ನ ಪುರಾಣ ಓದು.

ನಿನ್ನ ಕಾಗದ ಬಂದದ್ದು ಮಧ್ಯಾಹ್ನ. ಚಪ್ಪಲಿ ಮೆಟ್ಟದೆ ತಾರಸಿ ಹತ್ತಿದೆ, ಅಂಗಾಲು ಸುಟ್ಟಿತು. ಸೀಡಿಗಳನ್ನ ಮುಟ್ಟಿ ನೋಡಿದರೆ ದೋಸೆ ಕಾವಲಿ ಹಾಗೆ ಕಾದಿದ್ದವು. ನಿಮ್ಮಮ್ಮ ಹಿಂದೆಯೇ ಬಂದಳು. ತುಟಿ ಅಲ್ಲಾಡಿಸಿದಳು. ನನಗೆ ಕೇಳಲಿಲ್ಲ ಅಂತ ಗೊತ್ತಾಗಿ ನನ್ನ ಕಿವಿ ಹಿಡಿದು, ಹೌದು ಕಣೇ, ಮಗೂ ಕಿವಿ ಹಿಡಿದ ಹಾಗೆ ಹಿಡಿದು ಕೂಗಿದಳು:

"ಅವತ್ತೇ ಹೇಳಿದ್ನಲ್ಲ ಅತ್ತೆ! ಶಿಲ್ಪಂದು ಮುಟ್ಬೇಡಿ, ಅವಳ್ಗೆ ಬೇಕಾಗುತ್ತೆ ಅಂತ. ಅಡಿಗೆಮನೆಯಿಂದ ಗಂಟ್ಲು ಹರ್‍ಕೊಂಡೆ!"

ಪುನೀತನೂ ಹೇಳಿದ್ದನಂತೆ. ಬ್ಯಾಟು ಬೇಕು ಅಂತ ಎರಡು ಕೈಯೆತ್ತಿ ಕುಣಿದಿದ್ದನಂತೆ. ನಾನು ಅವನ ಕಡೆ ಬೆನ್ನು ಮಾಡಿ ನಿಂತಿದ್ದೆ.

ಅಂದರೆ ನಾನು ಕೇಳಿದೆ, ಇವರು ಹೇಳಿದರು. ಯಾರೂ ಉಸಿರೆತ್ತಲಿಲ್ಲ ಅಂತ ನಿನಗೆ ಜಂಬದಲ್ಲಿ ಬರೆದವಳು ನಾನು. ನೀನೊಬ್ಬಳೇ ಅಲ್ಲ ಬಿಡು. ಅಜ್ಜಿ ಮೊಮ್ಮಗಳು ಇಬ್ಬರೂ ಒಂದೇ ಪೊರಕೆ ಹಿಡಿದಿದ್ದೀವಿ.

ಅಳಬೇಡ. ಅಳೋದಕ್ಕೆ ನಿನ್ನನ್ನ ಅಷ್ಟು ದೂರ ಕಳಿಸಿಲ್ಲ. ಎಲ್ಲ ಬಿಚ್ಚಿದ್ದೀನಿ. ಒಂದರ ಬೆನ್ನ ಮೇಲೆ ಪಾರಿವಾಳ ತನ್ನ ಸಹಿ ಹಾಕಿತ್ತು, ಒದ್ದೆ ಬಟ್ಟೆಯಲ್ಲಿ ತೆಗೆದೆ. ಸೀಗೆಪುಡಿ ಹಾಕಿ ಉಜ್ಜೋಣ ಅಂತ ಇದ್ದೆ, ಪುನೀತ ಕೈಯಿಂದ ಕಿತ್ತುಕೊಂಡ. ದೀಪದ ಹಿಂದಿನದನ್ನೂ ತೆಗೆದಿದ್ದೀನಿ. ಎಣ್ಣೆ ಜಿಡ್ಡು, ಕುಂಕುಮ ಹತ್ತಿದೆ. ದೇವರ ಹತ್ತಿರ ಇಸ್ಕೊಂಡಿದ್ದು, ಮರ್ಯಾದೆಯಿಂದ ನೋಡಿಕೋ.

ಮಹಡಿ ಮನೆ ಬಾಡಿಗೆಯ ನೀಲಕ್ಕ ಇವತ್ತೇ ಬಾಗಲಕೋಟೆಗೆ ಹೊರಟಿದ್ದಾಳೆ, ಮಗಳ ಬಾಣಂತನಕ್ಕೆ. ಅವಳ ಕೈಯಲ್ಲಿ ಕೊಡ್ತೀನಿ. ಒಂದು ಡಬ್ಬ ಸಂಡಿಗೆ ಆ ಹುಡುಗ ಸಂಗಮೇಶನಿಗೆ. ಸೀಡಿ ಕೆಲಸ ಮಾಡದಿದ್ದರೂ ಸಂಡಿಗೆ ಕೊಡು.

ಅಜ್ಜಿ

---

ಅಟ್ಟೂರು
ಮೇ ೨೮, ೨೦೧೧

ಶಿಲ್ಪಳಿಗೆ ಆಶೀರ್ವಾದ.

ಸೀಡಿ ತಲುಪಿತು ಅಂತ ನಿಮ್ಮಪ್ಪನಿಗೆ ಫೋನ್ ಮಾಡಿದೆಯಂತೆ. ಮಾತಾಡಿತೋ ಇಲ್ಲವೋ ಹೇಳಲಿಲ್ಲವಂತೆ. ಅವನಾದರೂ ಕೇಳಬಾರದಾ? "ಆಯ್ತಮ್ಮ, ಆಯ್ತಮ್ಮ" ಅಂತ ಇಟ್ಟುಬಿಟ್ಟನಂತೆ. ಅಂಚೆಯವನ ಸೈಕಲ್ಲು ನೋಡೋದೇ ನನಗೆ ಕೆಲಸವಾಗಿದೆ. ನಿನ್ನ ಕಾಗದ ಬರುವ ತನಕ ಕೂರೋಕಾಗದೆ ಬರೀತಿದ್ದೀನಿ.

ಅವತ್ತು ರೈಲ್ವೆ ಸ್ಟೇಷನ್ನಿನಲ್ಲಿ ಆದದ್ದು ನಿನಗೆ ಗೊತ್ತಿಲ್ಲ. ನಾನು ಒಂದೊಂದೇ ಸೀಡಿಯನ್ನ ಹಳೇ ಹತ್ತಿ ಸೀರೆ ತುಂಡಿನಲ್ಲಿ ಸುತ್ತುತ್ತಾ ಕೂತಿದ್ದೆ. ಅಷ್ಟರಲ್ಲಿ ನೀಲಕ್ಕನ ಆಟೋ ಹೊರಟೇ ಹೋಗಿತ್ತು. ಬೀದಿಯಲ್ಲಿ ನಿಂತು ಕೂಗಿದಳಂತೆ. ಕೂಗಿರುತ್ತಾಳೆ, ಈ ಊರಲ್ಲಿ ನನ್ನನ್ನು ಕೂಗದವರು ಯಾರಿದ್ದಾರೆ? ಪುನೀತನ ಗಾಡಿ ಹತ್ತಿ ಯಶವಂತಪುರಕ್ಕೆ ಹೊರಟೆವು. ಬಿಇಎಲ್ ಸರ್ಕಲ್ಲಿನಲ್ಲಿ ಲಾರಿಗಳ ಮಧ್ಯೆ ಸಿಕ್ಕಿಕೊಂಡೆವು. ಚೀಲವನ್ನ ಎದೆಗೆ ಅವುಚಿಕೊಂಡು ಕೂತಿದ್ದೆ.

ಸ್ಟೇಷನ್ನಿನಲ್ಲಿ ರೈಲು ನಿಂತಿತ್ತು. "ಅಜ್ಜಿ, ಟೀ ಅಂಗ್ಡಿ ಹತ್ರನೇ ನಿಂತಿರು, ಬೋಗಿ ಹುಡುಕ್ಕೊಂಡ್ ಬರ್ತೀನಿ" ಅಂತ ಕೈಸನ್ನೆ ಮಾಡಿ ಪುನೀತ ಓಡಿದ. ನಾನು ಅವನು ಹೋದ ದಿಕ್ಕನ್ನೇ ನೋಡ್ತಾ ನಿಂತೆ. ಎಷ್ಟು ಹೊತ್ತೋ. ಯಾರೋ ಹೆಂಗಸು ಬಂದು ನನ್ನ ಭುಜ ಹಿಡಿದು ಗಿರಕ್ಕನೆ ತಿರುಗಿಸಿದಳು. ನೋಡಿದರೆ ನನ್ನ ಬೆನ್ನ ಹಿಂದಿನ ಕಿಟಕಿಯಲ್ಲೇ ನೀಲಕ್ಕ! ಕಂಬಿ ಹಿಡಿದು, ಮುಖ ಕೆಂಪಗೆ ಮಾಡಿಕೊಂಡು ಕೂಗುತ್ತಿದ್ದಾಳೆ. ರೈಲು ಆಗಲೇ ಜರುಗುತ್ತಿತ್ತು. ಚೀಲ ಕಂಬಿಯೊಳಗೆ ತೂರಲಿಲ್ಲ. ಸಂಡಿಗೆ ಡಬ್ಬ ಅಡ್ಡ. ಆ ಹೆಂಗಸೇ ಡಬ್ಬ ಕಿತ್ತು ಬಾಗಿಲಲ್ಲಿ ನಿಂತವನ ಕೈಗೆ ತುರುಕಿದಳು. ನಾನು ಓಡುತ್ತಾ ಚೀಲ ತೂರಿಸಿದೆ. ನಿನ್ನ ತಾತನ ಹಿಂದೆಯೂ ನಾನು ಹಾಗೆ ಓಡಿದವಳಲ್ಲ.

ಉಸಿರು ಬಿಡ್ತಾ ಕಲ್ಲು ಬೆಂಚಿನ ಮೇಲೆ ಕೂತೆ. ಆಮೇಲೆ ಆ ಕಿಟಕಿ ನಿಂತಿದ್ದ ಜಾಗವನ್ನ ಕಣ್ಣಲ್ಲೇ ಅಳೆದೆ. ಅವಳು ಕೂಗಿದ್ದು ಒಂದು ಮಾರು ದೂರದಿಂದ ಶಿಲ್ಪ. ಆ ಹೆಂಗಸು ತಿರುಗಿಸದೇ ಇದ್ದಿದ್ದರೆ? ಆ ಹುಡುಗನ ವರ್ಷ, ನಿನ್ನ ಕೆಲಸ ಎರಡೂ ನನ್ನ ಕಂಕುಳಲ್ಲೇ ಉಳಿದಿರೋದು. ಕಿವಿ ಮಷಿನ್ನು ಬೇಕೇ ಬೇಕು ಅನ್ನೋ ಸಾಮಾನಲ್ಲ ಅಂತ ಬರೆದಿದ್ದೆನಲ್ಲ. ನನ್ನೊಬ್ಬಳನ್ನೇ ಕೇಳಿಕೊಂಡು ಬರೆದದ್ದು ಅದು.

ಮನೆಗೆ ಬಂದು ಅಕ್ಕಿ ಡಬ್ಬಕ್ಕೆ ಕೈ ಹಾಕಿದೆ. ಸದ್ಯ, ನಿಮ್ಮಮ್ಮ ಅನ್ನದ ಜೊತೆ ಬೇಯಿಸಿರಲಿಲ್ಲ. ಒರೆಸಿ ಹಾಕಿಕೊಂಡಿದ್ದೀನಿ. ಇನ್ನೂ ಯಾರಿಗೂ ಹೇಳಿಲ್ಲ. ತಲೆ ಮೇಲೆ ಸೆರಗು ಹೊದ್ದುಕೊಂಡರೆ ಕಾಣೋದಿಲ್ಲ. ನೀನೂ ಹೇಳಬೇಡ.

ಬೇಗ ಬರಿ. ಕೆಟ್ಟ ಸುದ್ದಿಯಾದರೂ ಬರಿ.

ಅಜ್ಜಿ

---

ಬಾಗಲಕೋಟೆ
ಜೂನ್ ೧೨, ೨೦೧೧

ನನ್ನ ಅಜ್ಜಿಗೆ,

ಬರೆದ! ಸಂಗಮೇಶ ಪರೀಕ್ಷೆ ಬರೆದ. ಮೊದಲು ಇದನ್ನು ಓದಿ ನೀರು ಕುಡಿ, ಆಮೇಲೆ ಮುಂದಕ್ಕೆ ಹೋಗು.

ಚೀಲ ಬಂದ ದಿನ ಒಂದೊಂದೇ ಸೀಡಿ ಹಾಕ್ತಾ ಹೋದೆ. ತಾರಸಿಯ ಬಿಸಿಲಿಗೆ ಬಹಳಷ್ಟು ಸತ್ತಿದ್ದವು. ಹಾಕಿದರೆ ಮಷಿನ್ನು ಕರಕರ ಅಂದು ಹೊರಗೆ ಉಗುಳುತ್ತಿತ್ತು. ನನ್ನ ಪಕ್ಕ ಕೂತಿದ್ದ ಸಂಗಮೇಶ ಪ್ರತಿ ಸಲವೂ ಕರಕರ ಕೇಳಿ, "ಇದೂ ಹೋತ್ರಿ" ಅನ್ನುತ್ತಿದ್ದ. ಅವನೇ ನನಗೆ ಧೈರ್ಯ ಹೇಳಿದ. ಕೊನೆಗೆ ಉಳಿದದ್ದು ನಿನ್ನ ದೀಪದ ಹಿಂದಿನದು. ಕುಂಕುಮ, ಎಣ್ಣೆ, ಮಸಿ. ಮೆತ್ತಗೆ ಒರೆಸಿ ಹಾಕಿದೆ. ಕರಕರ ಇಲ್ಲ. ಸುಮ್ಮನೆ ತಿರುಗಿತು.

"ಇದು ಓಡಾಕತ್ತೈತ್ರಿ" ಅಂದ ಸಂಗಮೇಶ, ನನಗಿಂತ ಮುಂಚೆ.

ಅಜ್ಜಿ, ಆ ಸೀಡಿಗಳನ್ನು ಮಾಡುವವರು ಹೆಚ್ಚು ಜನ ಬಳಸುವ ಸಾಮಾನನ್ನು ಮೊದಲನೆಯದರಲ್ಲಿ ತುಂಬುತ್ತಾರೆ. 'ಇದ್ದರೆ ಒಳ್ಳೆಯದು' ಅಂತ ಹೇಳಿದ್ದನ್ನು ಬಹಳ ಜನ ಇಟ್ಟುಕೊಳ್ಳುತ್ತಾರಲ್ಲ, ಹಾಗಾಗಿ ಧ್ವನಿ ಅದರಲ್ಲೇ ಇತ್ತು. ನೀನು 'ಒಂದು' ಅಂತ ನೋಡಿ ದೇವರಿಗೆ ಇಟ್ಟದ್ದರಿಂದ ಅದು ನೆರಳಲ್ಲಿ ಉಳಿಯಿತು. ಉಗ್ರಾಣದವನಿಗೆ ಈ ಸೀಡಿಯಿಂದ ತಗೋ ಅಂದೆ. ಪೇಟೆಗೆ ಅಲೆದು ನನ್ನ ಕೈಯಲ್ಲಿ ಆಗದ್ದನ್ನು ಅವನು ಕೂತಲ್ಲೇ ಮಾಡಿದ. ಯಾವುದಕ್ಕೆ ಯಾವುದು ಬೇಕು ಅಂತ ಸರಪಣಿ ಹಿಡಿದು ಎಲ್ಲವನ್ನೂ ಕರೆತಂದ. ಸಂಗಮೇಶ ಹೆಡ್‌ಫೋನು ಹಾಕಿಕೊಂಡು ಒಂದು ಅಕ್ಷರ ಒತ್ತಿದ. ಆಮೇಲೆ ಅವನ ಮುಖ ನೋಡಬೇಕಿತ್ತು ನೀನು. ನಾನು ಅತ್ತೆ. ಅವನಿಗೆ ಗೊತ್ತಾಗಲಿಲ್ಲ ಅಂದುಕೊಂಡೆ. "ಅಳಬ್ಯಾಡ್ರಿ ಮ್ಯಾಡಮ್ಮರ, ಇದರ ಕನ್ನಡ ಅಷ್ಟೇನ ಕೆಟ್ಟಿಲ್ಲ" ಅಂದ.

ಒಂದು ಮಷಿನ್ನಿನಲ್ಲಿ ಬಂದ ಮಾತ್ರಕ್ಕೆ ಪರೀಕ್ಷೆ ದಾಟಿದಂತಲ್ಲ, ಅದಕ್ಕೇ ಮುಗಿಯುವ ತನಕ ಬರೆಯಲಿಲ್ಲ. ಬೇಜಾರು ಮಾಡಿಕೋಬೇಡ.

ಮುಖ್ಯಸ್ಥರು ನಿನ್ನೆ ಕರೆದರು. ಕೆಲಸ ಕಾಯಂ ಮಾಡಲು ಬರೆದುಕೊಟ್ಟಿದ್ದಾರೆ. "ಇನ್ನೊಂದು ಸಲ ಗುಡಿಸುವಾಗ?" ಅಂದರು. ಲ್ಯಾಬಿನಲ್ಲಿ ನಿಂತು ಎಲ್ಲರನ್ನೂ ಬಾಯಿಬಿಟ್ಟು ಕೇಳುತ್ತೇನೆ ಸರ್ ಅಂದೆ.

ಒಂದು ಉಪಾಯವನ್ನೂ ಮಾಡಿದ್ದೇನೆ. ಇನ್ನೊಬ್ಬರ ಜೊತೆಗೆ ಬಂದ ಸಾಮಾನನ್ನು ಉಗ್ರಾಣದವನು ಯಾವಾಗಲಾದರೂ ಗುಡಿಸಿಯಾನು. ಆದರೆ 'ಇದು ನಾನೇ ಕೈಯಾರೆ ಕೇಳಿ ತರಿಸಿದ್ದು' ಅಂತ ಗುರುತು ಹಾಕಿದ್ದನ್ನು ತಾನಾಗಿ ಮುಟ್ಟುವುದಿಲ್ಲ. ಧ್ವನಿಗೆ ಆ ಗುರುತು ಹಾಕಿದೆ, ಎಲ್ಲ ಮಷಿನ್ನಿನಲ್ಲೂ.

ಸತ್ತ ಸೀಡಿಗಳನ್ನು ವಾಪಸ್ ಕಳಿಸುತ್ತಿದ್ದೇನೆ, ಪಾರಿವಾಳಕ್ಕೆ ಕಟ್ಟಿಕೋ. ಯಾರಿಗೆ ಬೇಕು ಅಂತ ಎಲ್ಲರನ್ನೂ ಕೇಳಿದೆ, ನಿನ್ನನ್ನು ಬಿಟ್ಟು ಯಾರಿಗೂ ಬೇಡವಂತೆ.

ಕೆಳಗಿನ ಸಾಲು ಸಂಗಮೇಶ ತಾನೇ ಒತ್ತಿ ಬರೆದು ಅಚ್ಚು ಹಾಕಿಸಿದ್ದು. ಕತ್ತರಿಸಿ ಅಂಟಿಸಿದ್ದೇನೆ.

'ಅಜ್ಜಿಗೆ ಸಂಗಮೇಶನ ಶರಣು. ನಿಮ್ಮ ಸಂಡಿಗಿ ಖಾರ ಭಾಳ ಐತಿ. ಖಾಲಿ ಆಗೇತಿ.'

ನಿನ್ನ
ಶಿಲ್ಪ

---

ಅಟ್ಟೂರು
ಜೂನ್ ೨೬, ೨೦೧೧

ಶಿಲ್ಪಳಿಗೆ ಅಜ್ಜಿಯ ಆಶೀರ್ವಾದ, ಸಂಗಮೇಶನಿಗೂ.

ನೀರು ಕುಡಿದೆ. ಆಮೇಲೆ ಕಾಫಿ ಕುಡಿದೆ. ಆಮೇಲೆ ನಿನ್ನ ಕಾಗದ ಹಿಡಿದುಕೊಂಡು ಗಂಗಾದೇವಿ ಮನೆಗೆ ಹೋಗಿ ಜೋರಾಗಿ ಓದಿದೆ. ಕೆಲಸ ಕಾಯಂ ಅನ್ನೋ ಸಾಲನ್ನ ಮತ್ತೊಂದು ಸಲ ಓದಿದೆ. ಹಪ್ಪಳದ ವಿಷಯ ಎತ್ತಲು ಬಂದಳು, ಮಷಿನ್ನು ಕಿವಿಯಲ್ಲಿದ್ದರೂ ಕೇಳಿಸದವಳ ಹಾಗೆ ಎದ್ದು ಬಂದೆ. ಅಷ್ಟು ಸ್ವಾತಂತ್ರ್ಯ ನನಗೆ ಇರಲಿ.

ಮಷಿನ್ನಿನ ಗುಟ್ಟು ಬಹಳ ದಿನ ಉಳಿಯಲಿಲ್ಲ. ಉಳಿದಷ್ಟು ದಿನ ನಿಮ್ಮಮ್ಮ ನನ್ನನ್ನು ಏನೇನು ಬೈತಾಳೆ ಕೇಳಿ ಒಂದೊಂದಕ್ಕೂ ಉತ್ತರ ಕೊಡೋಣ ಅಂತ ಹೊಂಚು ಹಾಕಿ ಕೂತಿದ್ದೆ. ಬೆಳಗ್ಗೆ ಒಲೆ ಮುಂದೆ ತುಟಿ ಅಲ್ಲಾಡಿತು. ಕಿವಿ ಕೊಟ್ಟೆ. ಹಾಡಿಕೊಳ್ತಾ ಇದ್ದಳು ಕಣೇ! ಎಂಥ ಕೆಟ್ಟ ರಾಗ ಅಂತೀಯ. ಇಷ್ಟು ವರ್ಷ ನಾನು ಬೈಗುಳ ಅಂದುಕೊಂಡು ಉರಿದುಕೊಂಡದ್ದು ಆ ಹಾಡಿಗೆ. ಮಧ್ಯೆ ಮಧ್ಯೆ ತಿರುಗಿ ನನ್ನನ್ನು ನೋಡಿ, "ಅತ್ತೆ, ಬಿಸಿ ಮಾಡ್ಲಾ? ತಣ್ಗಾಯ್ತು ನಿಮ್ದು" ಅಂತಾಳೆ. ನನಗೆ ಕೇಳೋದಿಲ್ಲ ಅಂತ ಗೊತ್ತಿದ್ದೂ ಕೇಳ್ತಾಳೆ. ಕೇಳಿ, ಉತ್ತರಕ್ಕೆ ಕಾಯದೆ ಬಿಸಿ ಮಾಡಿ ತಂದಿಡುತ್ತಾಳೆ. ದಿನಾ ನನ್ನ ಕಾಫಿ ಬಿಸಿಯಾಗಿಯೇ ಯಾಕಿರುತ್ತೆ ಅಂತ ನಾನು ಯೋಚನೆ ಮಾಡಿದವಳೇ ಅಲ್ಲ.

ಇನ್ನೊಂದು ದಿನ ತನ್ನ ತಂಗಿಗೆ ಫೋನಿನಲ್ಲಿ ಹೇಳ್ತಿದ್ದಳು. "ನಮ್ಮತ್ತೆ ಬಾಯಿ ಗೊತ್ತಲ್ಲ ನಿಂಗೆ, ಮೆಣಸಿನ್ಕಾಯಿ. ಆದ್ರೂ ಅವ್ರು ಒಂದಿನ ಮನೇಲಿಲ್ದಿದ್ರೆ ಕೈಕಾಲೇ ಆಡಲ್ಲ ಕಣೇ. ಒಂದೇ ಕಷ್ಟ ಅಂದ್ರೆ ಸಾರಿಗೆ ಉಪ್ಪು ಜಾಸ್ತಿ ಹಾಕ್ತಾರೆ. ಹೇಳಿದ್ರೆ ಕೇಳ್ಸಲ್ಲ."

"ಉಪ್ಪು ಸರಿಯಾಗೇ ಇರುತ್ತೆ!" ಅಂದುಬಿಟ್ಟೆ.

ಫೋನು ಕೈಯಿಂದ ಜಾರಿತು. ನನ್ನ ಸೆರಗು ಸರಿಸಿ ಕಿವಿ ನೋಡಿದಳು. ಬೈತಾಳೆ ಅಂದುಕೊಂಡೆ. ಕೆಳಗೇ ಕೂತು ನಕ್ಕಳು, ಕಣ್ಣಲ್ಲಿ ನೀರು ಬರೋ ತನಕ. ನಾನೂ ಕೂತೆ. ಪುನೀತ ಬಂದು ನಮ್ಮಿಬ್ಬರನ್ನ ನೋಡಿ ಹೆದರಿ ಅಪ್ಪನಿಗೆ ಫೋನ್ ಮಾಡಿದ. ಅವನಿಗೆ ಹೊಸ ಬ್ಯಾಟು ಕೊಡಿಸಿದ್ದೀನಿ, ನಿನ್ನ ಕಿವಿಗೆ ಅದು ಬೀಳದೆ ಇರೋದಿಲ್ಲ ಅಂತ ನಾನೇ ಹೇಳ್ತಿದ್ದೀನಿ.

ಉಪ್ಪಿನ ಜಗಳ ಇನ್ನೂ ನಡೀತಿದೆ. ಎದೆ ಎಷ್ಟು ಹಗುರವಾಗಿದೆ ಗೊತ್ತಾ, ನಿಜವಾದ ಜಗಳ ಸಿಕ್ಕ ಮೇಲೆ.

ಸತ್ತ ಸೀಡಿಗಳು ಮತ್ತೆ ತಾರಸಿ ಏರಿವೆ. ಕಟ್ಟೋ ಮುಂಚೆ ಕೂಗಿ ಕೇಳಿದೆ. ಈ ಸಲ ಮೂರು ಕಡೆಯಿಂದ "ಬೇಡ, ಬೇಡ, ಕಟ್ಕೋ" ಅಂತ ಬಂತು. ದೀಪದ ಹಿಂದಿನದು ನಿನ್ನಲ್ಲೇ ಇರಲಿ. ಗೂಡು ಬೋಳು ಕಾಣುತ್ತೆ, ಪರವಾಗಿಲ್ಲ.

ಈ ಕಾಗದ ಸೇರಿದ ದಿನ ಭಾನುವಾರ ಅಲ್ಲದಿದ್ದರೂ ಸಾಯಂಕಾಲ ನನಗೇ ಫೋನ್ ಮಾಡು, ನಿಮ್ಮಪ್ಪನಿಗಲ್ಲ. ನಿನ್ನ ಗಂಟಲು ಕೇಳಿ ಎಷ್ಟು ಕಾಲವಾಯಿತು. ಮಷಿನ್ನು ಬುಸ್ ಅಂದರೂ ನಾನು ಇಡೋದಿಲ್ಲ.

ಇನ್ನು ಕಾಗದ ಕಡ್ಡಾಯ ಏನಲ್ಲ ಬಿಡು. ಫೋನ್ ಇದೆ, ಅದರಲ್ಲೇ ಎಲ್ಲ ಆಗುತ್ತೆ, ಯಾಕೆ ಸುಮ್ಮನೆ ಅಂತ ನೀನು ಗುಡಿಸಿಬಿಡ್ತೀಯ, ನನಗೆ ಗೊತ್ತು. ಅದಕ್ಕೇ ಮುಂಚೆಯೇ ಬರೀತಿದ್ದೀನಿ. ಆ ಗುರುತು ಹಾಕೋದು ಹೇಳಿದೆಯಲ್ಲ, ಅದನ್ನ ಈ ಕಾಗದಗಳಿಗೂ ಹಾಕು. ನಾನೇ ಕೈಯಾರೆ ಕೇಳಿದ್ದೀನಿ ಅಂತ.

ಕೈಯಾರೆ,
ಸುಬ್ಬಲಕ್ಷ್ಮಮ್ಮ